ಪಿರೇರಾ ಎಂಬ ಅಡ್ಡಹೆಸರಿನ ಮೂಲವನ್ನು ಅರಸಿ

ತಂದೆಯವರು ತೀರಿಕೊಂಡ ಮರುವರ್ಷ, ಬಂಟ್ವಾಳ ತಾಲ್ಲೂಕಿನಲ್ಲಿರುವ ನಮ್ಮ ಅಡಿಕೆ ತೋಟದ ಖಾತೆಯನ್ನು ನಾವು ಮೂವರು ಒಡಹುಟ್ಟಿದವರ ಹೆಸರಿಗೆ ಮಾಡಿಸಿಕೊಳ್ಳಲು ಕಾಗದಪತ್ರಗಳನ್ನು ಒಟ್ಟುಗೂಡಿಸುತ್ತಿದ್ದಾಗ, ನಮ್ಮ ಮನೆತನದ ಹೆಸರು ಒಂದೊಂದು ಕಡೆ ಒಂದೊಂದು ರೀತಿಯಲ್ಲಿ ದಾಖಲಾಗಿರುವುದು ಮೊದಲ ಬಾರಿಗೆ ನನ್ನ ಗಮನಕ್ಕೆ ಬಂತು. ಪಹಣಿಯಲ್ಲಿ ‘ಪಿರೇರ’ ಎಂದಿತ್ತು. ತಂದೆಯವರ ಶಾಲಾ ದಾಖಲೆಯಲ್ಲಿ ‘ಪೆರೇರಾ’ ಎಂದಿತ್ತು. ಅಜ್ಜನ ದೀಕ್ಷಾಸ್ನಾನದ, ಅಂದರೆ ಕ್ರೈಸ್ತ ಧರ್ಮಕ್ಕೆ ಸೇರಿಸಿಕೊಳ್ಳುವ ಸಂಸ್ಕಾರದ, ಹಳೆಯ ಪ್ರಮಾಣಪತ್ರದಲ್ಲಿ ರೋಮನ್ ಲಿಪಿಯಲ್ಲಿ, ಇಂದು ನಾವು ‘ಐ’ ಬರೆಯುವ ಕಡೆ ‘ವೈ’ ಅಕ್ಷರವಿಟ್ಟು ಬರೆಯಲಾಗಿತ್ತು. ಮೂರೂ ಒಂದೇ ಕುಟುಂಬದ ಹೆಸರುಗಳೆಂದು ಅಫಿಡವಿಟ್ ಮಾಡಿಸಿಕೊಟ್ಟರೆ ಸಾಕು ಎಂದು ವಕೀಲರು ಹೇಳಿದರು, ಮಾಡಿಸಿದೆವು, ಖಾತೆಯೂ ಬದಲಾಯಿತು. ಆದರೆ ಐವತ್ತೆಂಟು ವರ್ಷ ಹೊತ್ತು ತಿರುಗಿದ ಹೆಸರಿನ ಅರ್ಥವೇನು, ಅದು ನಮ್ಮ ಮನೆಗೆ ಬಂದದ್ದು ಹೇಗೆ ಎಂದು ನಾನು ಒಮ್ಮೆಯೂ ಕೇಳಿಕೊಂಡಿರಲಿಲ್ಲವಲ್ಲ ಎಂಬ ಸಂಗತಿ ಮಾತ್ರ ಮನಸ್ಸಿನಿಂದ ಹೋಗಲಿಲ್ಲ.

ಅರ್ಥವನ್ನು ತಿಳಿಯುವುದು ಕಷ್ಟವಾಗಲಿಲ್ಲ. ಪೋರ್ಚುಗೀಸ್ ನಿಘಂಟು ತೆರೆದರೆ ಮೊದಲ ಸಾಲಿನಲ್ಲೇ ಉತ್ತರವಿದೆ: ನಾವು ಮರಸೇಬು ಎಂದು, ಇಂಗ್ಲಿಷಿನವರು ಪಿಯರ್ ಎಂದು ಕರೆಯುವ ಹಣ್ಣಿನ ಮರವೇ ಪೆರೈರ. ಹಣ್ಣಿಗೆ ಲ್ಯಾಟಿನ್ ಭಾಷೆಯಲ್ಲಿ ‘ಪಿರುಮ್’ ಎಂದಿದ್ದದ್ದು ಪೋರ್ಚುಗೀಸಿನಲ್ಲಿ ‘ಪೇರ’ ಆಯಿತು. ಅದಕ್ಕೆ ಮರವನ್ನೋ ನೆಲೆಯನ್ನೋ ಸೂಚಿಸುವ ‘ಐರ’ ಪ್ರತ್ಯಯ ಸೇರಿ ಮರದ ಹೆಸರಾಯಿತು. ಇದೇ ಅಚ್ಚಿನಲ್ಲಿ ಒಲಿವೈರ ಎಂದರೆ ಆಲಿವ್ ಮರ, ಫಿಗೈರ ಎಂದರೆ ಅಂಜೂರದ ಮರ, ನೊಗೈರ ಎಂದರೆ ಅಕ್ರೋಟಿನ ಮರ, ಮೊರೈರ ಎಂದರೆ ಹಿಪ್ಪುನೇರಳೆ. ನಾವು ಮಂಗಳೂರಿನಲ್ಲಿ ‘ರೇ’ ಎಂದು ಎಳೆದು ಹೇಳುವ ಅಕ್ಷರವನ್ನು ಪೋರ್ಚುಗಲ್‌ನವರು ‘ರೈ’ ಎಂದೇ ಉಚ್ಚರಿಸುತ್ತಾರೆ. ಲಿಸ್ಬನ್‌ನಲ್ಲಿ ಕೆಲಸದಲ್ಲಿರುವ ನನ್ನ ಅಕ್ಕನ ಮಗ ಅಲ್ಲಿಯ ಸಹೋದ್ಯೋಗಿಯೊಬ್ಬರಿಂದ ಈ ಪದವನ್ನು ಹೇಳಿಸಿ ಫೋನಿನಲ್ಲಿ ಕೇಳಿಸಿದಾಗ, ಮೊದಲ ಸ್ವರ ನುಂಗಿಹೋಗಿ ‘ಪ್ರೈರ’ ಎಂದೇ ನನ್ನ ಕಿವಿಗೆ ಬಿತ್ತು. ‘ವೈ’ ಅಕ್ಷರದ ಗೊಂದಲವೂ ಹೀಗೆಯೇ ಪರಿಹಾರವಾಯಿತು. ಹಳೆಯ ಪೋರ್ಚುಗೀಸ್ ಬರಹದಲ್ಲಿ ಆ ಅಕ್ಷರ ಧಾರಾಳವಾಗಿ ಬಳಕೆಯಲ್ಲಿತ್ತು; 1911ರ ಕಾಗುಣಿತ ಸುಧಾರಣೆಯಲ್ಲಿ ಅದನ್ನು ಕೈಬಿಡಲಾಯಿತು. ಆ ಸುಧಾರಣೆ ಕೆನರಾದ, ಅಂದರೆ ನಮ್ಮ ಕರಾವಳಿಯ, ಇಗರ್ಜಿಗಳನ್ನು (ಚರ್ಚುಗಳನ್ನು) ತಲುಪುವ ಪ್ರಮೇಯವಿರಲಿಲ್ಲವಾದ್ದರಿಂದ ನಮ್ಮಲ್ಲಿ ಹಳೆಯ ರೂಪಗಳು ಹಾಗೆಯೇ ಉಳಿದವು. ಪೋರ್ಚುಗಲ್‌ನಲ್ಲಿ ‘ಎಸ್’ ಹಾಕಿ ಬರೆಯುವ ಸೋಜವನ್ನು ನಾವು ಇಂದಿಗೂ ‘ಝಡ್’ ಹಾಕಿ ಬರೆಯುವುದಕ್ಕೂ ಇದೇ ಕಾರಣ.

ಅಲ್ಲಿಂದ ಮುಂದೆ, ಪರಿಚಿತ ಮನೆತನಗಳ ಹೆಸರುಗಳನ್ನೆಲ್ಲ ಹುಡುಕಿ ನೋಡುವ ಹಂಬಲ ಹುಟ್ಟಿತು. ಪಕ್ಕದ ಮನೆಯ ಲೋಬೊ ಎಂದರೆ ತೋಳ. ಕುವೆಲ್ಲೊ ಎಂದರೆ ಮೊಲ. ಪಿಂಟೊ ಎಂದರೆ ಕೋಳಿಮರಿ. ಕರ್ವಾಲೊ ಎಂದರೆ ಓಕ್ ಮರ. ರೊಡ್ರಿಗಸ್ ಎಂದರೆ ರೊದ್ರಿಗೊ ಎಂಬವನ ಮಗ, ಫೆರ್ನಾಂಡಿಸ್ ಎಂದರೆ ಫೆರ್ನಾಂದೊ ಎಂಬವನ ಮಗ. ಡಿಸೋಜ ಎಂದರೆ ‘ಸೋಜದವರು’, ಅಂದರೆ ಪೋರ್ಚುಗಲ್‌ನ ಉತ್ತರದಲ್ಲಿ ಹರಿದು ದೋರು ನದಿಯನ್ನು ಸೇರುವ ಸೋಜ ಎಂಬ ಹೊಳೆಯ ಸೀಮೆಯವರು. ನಮ್ಮ ಊರಿನಲ್ಲಿ ನೇತ್ರಾವತಿಯ ದಡದಲ್ಲಿ ತೋಟ ಮಾಡಿಕೊಂಡಿರುವ ಹತ್ತಾರು ಮನೆಗಳು ತಾವು ಕಂಡರಿಯದ ಇನ್ನೊಂದು ಹೊಳೆಯ ಹೆಸರನ್ನು ತಲೆತಲಾಂತರದಿಂದ ಹೊತ್ತಿವೆ ಎಂಬುದನ್ನು ತಿಳಿದ ದಿನ ನನಗೆ ರಾತ್ರಿ ಬಹಳ ಹೊತ್ತು ನಿದ್ರೆ ಬರಲಿಲ್ಲ.

ಪೋರ್ಚುಗಲ್‌ನಲ್ಲಿಯೂ ಪೆರೈರ ಎಂಬುದು ಮರದಿಂದ ನೇರವಾಗಿ ಮನುಷ್ಯರಿಗೆ ಬಂದ ಹೆಸರಲ್ಲ. ಮರದ ಹೆಸರು ಮೊದಲು ನೆಲಕ್ಕೆ ಬಂತು, ನೆಲದ ಹೆಸರು ಆಮೇಲೆ ಅಲ್ಲಿಯ ಒಡೆಯರಿಗೆ ಬಂತು. ಉತ್ತರದ ಮಿನ್ಯೊ ಸೀಮೆಯಲ್ಲಿದ್ದ ಆ ಹೆಸರಿನ ಜಹಗೀರಿನಿಂದ ಮಧ್ಯಯುಗದ ಒಂದು ಕುಲೀನ ಮನೆತನ ತನ್ನ ಹೆಸರನ್ನು ಪಡೆಯಿತು. ಆ ಮನೆತನದ ನೂನು ಆಲ್ವರೆಸ್ ಪೆರೈರ ಎಂಬ ದಂಡನಾಯಕ 1385ರ ಆಗಸ್ಟ್ 14ರಂದು ಅಲ್ಜುಬರೋಟ ಕದನದಲ್ಲಿ ನೆರೆಯ ಕಾಸ್ಟೀಲ್ ರಾಜ್ಯದ ಸೈನ್ಯವನ್ನು ಸೋಲಿಸಿ ದೇಶದ ಸ್ವಾತಂತ್ರ್ಯವನ್ನು ಉಳಿಸಿದನು. ಕೊನೆಗಾಲದಲ್ಲಿ ಎಲ್ಲವನ್ನೂ ತೊರೆದು ಲಿಸ್ಬನ್‌ನಲ್ಲಿ ತಾನೇ ಕಟ್ಟಿಸಿದ ಕಾರ್ಮೆಲ್ ಮಠವನ್ನು ಸೇರಿ 1431ರಲ್ಲಿ ಸತ್ತನು. 2009ರಲ್ಲಿ ಪೋಪ್ 16ನೆಯ ಬೆನೆಡಿಕ್ಟ್ ಅವರು ಆತನನ್ನು ಸಂತನೆಂದು ಘೋಷಿಸಿದರು. ಆತನ ಮಗಳ ಸಂತತಿಯೇ ಬ್ರಗಾನ್ಸ ಮನೆತನ. 1640ರಿಂದ 1910ರವರೆಗೆ ಪೋರ್ಚುಗಲ್ ಸಿಂಹಾಸನವನ್ನು ಆಳಿದವರು ಅವರೇ. ಇಷ್ಟನ್ನು ಓದಿದಾಗ ನನಗೆ ಹೆಮ್ಮೆಯೆನಿಸಿದ್ದು ಸುಳ್ಳಲ್ಲ. ಆದರೆ ಒಡೆಯನ ಹೆಸರನ್ನು ಅವನ ಒಕ್ಕಲುಗಳೂ ಆಳುಗಳೂ ತೆಗೆದುಕೊಳ್ಳುತ್ತಿದ್ದ ಆ ಕಾಲದಲ್ಲಿ, ಒಂದೇ ಹೆಸರಿನ ಊರುಗಳೂ ಹಲವು ಇದ್ದಾಗ, ಪೆರೈರರೆಲ್ಲ ನೂನುವಿನ ರಕ್ತಸಂಬಂಧಿಗಳೆಂದು ಪೋರ್ಚುಗಲ್‌ನಲ್ಲೇ ಯಾರೂ ಹೇಳಲಾರರು. ಬಂಟ್ವಾಳದ ಅಡಿಕೆ ಬೆಳೆಗಾರನಂತೂ ಹೇಳುವಂತೆಯೇ ಇಲ್ಲ.

ಹಾಗಾಗಿ ನಾನು ಅರಸಬೇಕಾಗಿದ್ದದ್ದು ಈ ಹೆಸರು ನಮ್ಮವರಿಗೆ ಅಂಟಿಕೊಂಡ ಗಳಿಗೆಯನ್ನು. ಅದಕ್ಕೆ ಇಗರ್ಜಿಯ ಪುಸ್ತಕಗಳೇ ದಾರಿ. ದೀಕ್ಷಾಸ್ನಾನ ಮತ್ತು ಮದುವೆಗಳನ್ನು ಪ್ರತಿ ಇಗರ್ಜಿಯೂ ಪುಸ್ತಕದಲ್ಲಿ ಬರೆದಿಡಬೇಕೆಂಬ ಕಟ್ಟುಪಾಡು 1563ರಲ್ಲಿ ಮುಗಿದ ಟ್ರೆಂಟ್ ಧರ್ಮಸಭೆಯಿಂದ ಗಟ್ಟಿಯಾಯಿತು. ನಮ್ಮ ಊರಿನ ಇಗರ್ಜಿಯ ಮುಖ್ಯ ಪಾದ್ರಿಗಳಾದ ವಿಗಾರರಲ್ಲಿ ವಿನಂತಿಸಿಕೊಂಡಾಗ, ಪುಸ್ತಕಗಳನ್ನು ಕಚೇರಿಯಿಂದ ಹೊರಗೆ ಒಯ್ಯಬಾರದು, ಫೋಟೊ ತೆಗೆಯಬಾರದು, ಪೆನ್ನಿನ ಬದಲು ಪೆನ್ಸಿಲ್ ಬಳಸಬೇಕು ಎಂಬ ನಿಬಂಧನೆಗಳೊಂದಿಗೆ ಅವರು ಒಪ್ಪಿದರು. ಆ ಮಳೆಗಾಲದ ಪ್ರತಿ ಶನಿವಾರದ ಮಧ್ಯಾಹ್ನಗಳನ್ನು ನಾನು ಅಲ್ಲಿ ಕಳೆದೆ.

ಇಪ್ಪತ್ತನೆಯ ಶತಮಾನದ ಪುಸ್ತಕಗಳು ಲ್ಯಾಟಿನ್‌ನಲ್ಲಿದ್ದವು. ಒಂದೇ ಅಚ್ಚಿನ ವಾಕ್ಯಗಳಾದ್ದರಿಂದ ಮೂರನೆಯ ವಾರಕ್ಕೆ ಅವು ನಿರರ್ಗಳವಾಗಿ ಓದಲು ಬಂದವು. ‘ಬಪ್ತಿಸಾವಿ’ ಎಂದರೆ ನಾನು ದೀಕ್ಷಾಸ್ನಾನ ಕೊಟ್ಟೆ. ‘ಪಾತ್ರಿನಿ ಫುಯೆರುಂತ್’ ಎಂದರೆ ಧರ್ಮಪಿತೃಗಳಾಗಿ, ಅಂದರೆ ದೀಕ್ಷೆ ಪಡೆಯುವವರ ಪಕ್ಕದಲ್ಲಿ ನಿಂತು ಅವರ ಹೊಣೆ ಹೊರುವ ಗಾಡ್‌ಪೇರೆಂಟ್‌ಗಳಾಗಿ, ನಿಂತವರು ಇಂಥವರು. ಅದಕ್ಕೂ ಹಿಂದಿನ ಪುಸ್ತಕಗಳು ಪೋರ್ಚುಗೀಸಿನಲ್ಲಿ, ಹಕ್ಕಿಯ ಗರಿಯಿಂದ ಬರೆದ ಬಾಗುಬರಹದಲ್ಲಿದ್ದವು. ಶಾಯಿ ಕಾಗದವನ್ನು ತಿಂದು ತೂತು ಮಾಡಿದ ಕಡೆ ಎರಡು ಪುಟಗಳ ಅಕ್ಷರಗಳು ಒಂದರೊಳಗೊಂದು ಕಾಣುತ್ತಿದ್ದವು. ತಂದೆ, ಅಜ್ಜ, ಮುತ್ತಜ್ಜ, ಅವರ ತಂದೆ, ಹೀಗೆ ಒಂದೊಂದೇ ಮೆಟ್ಟಿಲು ಇಳಿಯುತ್ತ ಹೋಗಿ ಹತ್ತೊಂಬತ್ತನೆಯ ಶತಮಾನದ ಆರಂಭದ ಒಂದು ಮದುವೆಯವರೆಗೆ ತಲುಪಿದೆ. ಅದರ ಆಚೆಗೆ ಪುಸ್ತಕವೇ ಇರಲಿಲ್ಲ.

ಇಲ್ಲದ್ದಕ್ಕೆ ಕಾರಣ ನಮ್ಮ ಸಮುದಾಯದ ಪ್ರತಿಯೊಂದು ಮನೆಗೂ ಗೊತ್ತು. 1784ರಲ್ಲಿ ಟಿಪ್ಪು ಸುಲ್ತಾನನ ಆಜ್ಞೆಯಂತೆ ಕೆನರಾದ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಹೋದಾಗ, ಮಂಗಳೂರಿನ ಮಿಲಾಗ್ರಿಸ್ ಸಹಿತ ಇಲ್ಲಿಯ ಇಗರ್ಜಿಗಳನ್ನು ಕೆಡವಲಾಯಿತು. ಕಟ್ಟಡಗಳೊಂದಿಗೆ ಪುಸ್ತಕಗಳೂ ಹೋದವು. 1799ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣ ಬಿದ್ದ ಬಳಿಕ ಬದುಕುಳಿದವರು ಹಿಂದಿರುಗಿದರು, ಇಗರ್ಜಿಗಳು ಮತ್ತೆ ಎದ್ದವು, ಹೊಸ ಪುಸ್ತಕಗಳು ತೆರೆದವು. ನಮ್ಮ ಊರಿನ ಮೊದಲ ಪುಸ್ತಕದ ಮೊದಲ ಪುಟಗಳಲ್ಲಿ ತಂದೆತಾಯಿಯರ ಹೆಸರಿನ ಜಾಗವನ್ನು ಖಾಲಿ ಬಿಟ್ಟ ವಯಸ್ಕರ ಮದುವೆಗಳು ಹಲವಿದ್ದವು. ಆ ಖಾಲಿ ಜಾಗಗಳಿಗೆ ನಾನು ಕಾರಣವನ್ನು ಆರೋಪಿಸಲಾರೆ, ಆದರೆ ಅವುಗಳ ಮುಂದೆ ಕುಳಿತು ಮುಂದಿನ ಪುಟ ತಿರುಗಿಸುವುದು ಸುಲಭವಾಗಿರಲಿಲ್ಲ.

ನನ್ನ ಅಜ್ಜಿ ಬದುಕಿದ್ದಾಗ ಆಗಾಗ ಒಂದು ಮಾತು ಹೇಳುತ್ತಿದ್ದರು: “ಆಮಿ ಪ್ರಭುಂಚಿಂ.” ನಾವು ಪ್ರಭುಗಳ ಮನೆಯವರು ಎಂದರ್ಥ. ಮಂಗಳೂರಿನ ಕ್ರೈಸ್ತ ಮನೆತನಗಳಲ್ಲಿ ಮತಾಂತರಕ್ಕೆ ಮೊದಲಿದ್ದ ಪ್ರಭು, ಕಾಮತ್, ಪೈ, ಶೆಣೈ, ನಾಯ್ಕ್ ಮುಂತಾದ ಹೆಸರುಗಳನ್ನು ನಾಲ್ಕು ಶತಮಾನಗಳ ನಂತರವೂ ನೆನಪಿಟ್ಟುಕೊಂಡಿರುವುದು ಅಪರೂಪವೇನಲ್ಲ. ಮದುವೆಯ ಮಾತುಕತೆಯಲ್ಲಿ ಹಿರಿಯರು ಅದನ್ನು ಮೆಲ್ಲಗೆ ಕೇಳುತ್ತಿದ್ದ ಕಾಲವನ್ನು ನಾನೇ ನೋಡಿದ್ದೇನೆ. ಜಾತಿಯ ಎಣಿಕೆ ಹೊಸ ಧರ್ಮದೊಳಗೂ ಹಾಗೆಯೇ ಹರಿದುಬಂದದ್ದರ ಗುರುತು ಅದು, ಆ ಬಗ್ಗೆ ನನಗೆ ಅಭಿಮಾನವಿಲ್ಲ. ಆದರೆ ಈ ಹುಡುಕಾಟಕ್ಕೆ ಅಜ್ಜಿಯ ಆ ಮಾತೇ ಕೈದೀಪವಾಯಿತು. ನಮ್ಮವರು ಗೋವೆಯಿಂದ ಬರಗಾಲ, ರೋಗ, ಯುದ್ಧ, ಚರ್ಚಿನ ನಂಬಿಕೆಗೆ ತಪ್ಪಿ ನಡೆದವರನ್ನು ದಂಡಿಸುತ್ತಿದ್ದ ಧರ್ಮವಿಚಾರಣೆಯ (ಇನ್‌ಕ್ವಿಸಿಷನ್) ಭಯ ಇವುಗಳಲ್ಲಿ ಯಾವುದೋ ಒಂದರ ದೆಸೆಯಿಂದ ದಕ್ಷಿಣಕ್ಕೆ ಇಳಿದವರು. ಆದ್ದರಿಂದ ಮುಂದಿನ ಪುಸ್ತಕ ಇರಬೇಕಾದದ್ದು ಗೋವೆಯಲ್ಲಿ.

ಆ ಡಿಸೆಂಬರಿನಲ್ಲಿ ಮಂಗಳೂರಿನಿಂದ ರೈಲು ಹಿಡಿದು ಕರ್ಮಳಿಯಲ್ಲಿಳಿದು ಪಣಜಿಗೆ ಹೋದೆ. ಪಣಜಿಯ ಪತ್ರಾಗಾರ 1595ರಲ್ಲಿ ಸ್ಥಾಪನೆಯಾದದ್ದು. ಚರಿತ್ರಕಾರ ದಿಯೋಗು ದು ಕೌತು ಅದರ ಮೊದಲ ಅಧಿಕಾರಿ. ಅಲ್ಲಿ ಕುಳಿತು ಹಳೆಯ ಕಟ್ಟುಗಳನ್ನು ಓದಬಲ್ಲ ನಿವೃತ್ತ ಅಧ್ಯಾಪಕರೊಬ್ಬರ ನೆರವು ನನಗೆ ದೊರೆಯದಿದ್ದರೆ ಆ ಎಂಟು ದಿನಗಳು ವ್ಯರ್ಥವಾಗುತ್ತಿದ್ದವು. ಮೊದಲ ದಿನವೇ ನಾನು ಒಂದು ಪುಟದಲ್ಲಿ ಹನ್ನೊಂದು ಕಡೆ ನಮ್ಮ ಹೆಸರನ್ನು ಕಂಡುಹಿಡಿದೆನೆಂದು ಸಂಭ್ರಮದಿಂದ ಅವರಿಗೆ ತೋರಿಸಿದೆ. ಅವರು ಕನ್ನಡಕ ಸರಿಪಡಿಸಿಕೊಂಡು ನಿಧಾನವಾಗಿ ಓದಿ, ಅವುಗಳಲ್ಲಿ ಎರಡು ಮಾತ್ರ ಹೆಸರು ಎಂದರು. ಲಿಪಿಕಾರರು ಕಾಗದ ಉಳಿಸಲು ಪೆರೈರ ಎಂಬುದನ್ನು ‘ಪ’ ಅಕ್ಷರದ ಮೇಲೆ ಚಿಕ್ಕದಾಗಿ ‘ರ’ ಏರಿಸಿ ಸಂಕ್ಷೇಪಿಸುತ್ತಿದ್ದರು. ‘ಗಾಗಿ’, ‘ಕಡೆಗೆ’ ಎಂಬ ಅರ್ಥ ಕೊಡುವ ‘ಪಾರ’ ಎಂಬ ಸಾಮಾನ್ಯ ಪದಕ್ಕೂ ಹೆಚ್ಚುಕಡಿಮೆ ಅದೇ ಸಂಕ್ಷೇಪ. ರೊಡ್ರಿಗಸ್ ಕೂಡ ಹೀಗೆ ‘ರೋಯಿಸ್’ ಎಂದು ಮೊಟಕಾಗಿ, ಕೆಲವರಲ್ಲಿ ಅದೇ ಬೇರೆ ಅಡ್ಡಹೆಸರಾಗಿ ನಿಂತುಬಿಟ್ಟಿದೆ. ಎರಡನೆಯ ಪಾಠವೂ ಅಂದೇ ಸಿಕ್ಕಿತು: ಪ್ರಭು ಎಂಬ ಹೆಸರನ್ನು ಅಲ್ಲಿ ಹುಡುಕಬಾರದು. ಪೋರ್ಚುಗೀಸ್ ಬರಹದಲ್ಲಿ ಅದು ‘ಪೊರೊಬು’, ಕಾಮತ್ ಎಂಬುದು ‘ಕಾಮೊತಿಂ’, ಶೆಣೈ ಎಂಬುದು ‘ಸಿನಾಯ್’.

ಗೋವೆಯ ಹಳ್ಳಿಗಳಲ್ಲಿ ಗಾಂವ್‌ಕರಿ ಎಂಬ ಹಳೆಯ ಗ್ರಾಮ ವ್ಯವಸ್ಥೆಯಿತ್ತು. ಪೋರ್ಚುಗೀಸರು ಅದನ್ನು ಕೊಮುನಿದಾದ್ ಎಂದು ಕರೆದು, 1526ರ ಸನದಿನ ಮೂಲಕ ಅದರ ನಡೆನುಡಿಗಳನ್ನು ದಾಖಲಿಸಿ ಮುಂದುವರಿಸಿದರು. ಊರಿನ ಮೂಲ ಕುಟುಂಬಗಳಿಗೆ, ಅಂದರೆ ವಾಂಗಡಗಳಿಗೆ, ಭೂಮಿಯ ಉತ್ಪತ್ತಿಯಲ್ಲಿ ಪಾಲು ಇರುತ್ತಿತ್ತು. ಆ ಲೆಕ್ಕದ ಪುಸ್ತಕಗಳನ್ನು ಕ್ರಮವಾಗಿ ಓದಿದರೆ ಒಂದು ವಾಂಗಡದ ಹೆಸರುಗಳು ಒಂದು ಕಾಲದವರೆಗೆ ಪೊರೊಬು, ಕಾಮೊತಿಂ ಎಂದಿದ್ದು, ಅಲ್ಲಿಂದ ಮುಂದೆ ಪೋರ್ಚುಗೀಸ್ ಹೆಸರುಗಳಾಗುವುದು ಕಾಣುತ್ತದೆ. ಪಾಲು ಅದೇ, ಗದ್ದೆ ಅದೇ, ಹೆಸರು ಬೇರೆ.

ಆ ಬದಲಾವಣೆಯ ಬಗೆಯನ್ನು ಅಧ್ಯಾಪಕರು ಒಂದು ಪ್ರಸಿದ್ಧ ಉದಾಹರಣೆಯಿಂದ ವಿವರಿಸಿದರು. 1548ರಲ್ಲಿ ಗೋವೆಯ ಬ್ರಾಹ್ಮಣ ಮುಖಂಡನಾಗಿದ್ದ ಲೋಕು ಎಂಬಾತ ದೀಕ್ಷಾಸ್ನಾನ ಪಡೆದಾಗ, ಧರ್ಮಪಿತನಾಗಿ ನಿಂತವನು ಅಂದಿನ ಗವರ್ನರ್ ಗಾರ್ಸಿಯ ದ ಸಾ. ಅಂದಿನಿಂದ ಲೋಕು ಲೂಕಸ್ ದ ಸಾ ಆದನು. ಧರ್ಮಪಿತನಿಗೆ ಪೋರ್ಚುಗೀಸಿನಲ್ಲಿ ‘ಪದ್ರಿನ್ಯು’ ಎನ್ನುತ್ತಾರೆ; ಹೊಸದಾಗಿ ಸೇರಿದವನಿಗೆ ಮೊದಲ ಹೆಸರು ಯಾವುದಾದರೂ ಸಂತನದು, ಅಡ್ಡಹೆಸರು ಪದ್ರಿನ್ಯುವಿನದೋ ದೀಕ್ಷೆ ಕೊಟ್ಟ ಪಾದ್ರಿಯದೋ ಆಗುತ್ತಿತ್ತು. ವೈಸರಾಯ್, ಕಪ್ತಾನ, ಕಚೇರಿಯ ಗುಮಾಸ್ತ, ದಂಡಿನ ಸಿಪಾಯಿ, ಯಾರೂ ಪದ್ರಿನ್ಯು ಆಗಬಹುದಿತ್ತು. 1560ರಲ್ಲಿ ಗೋವೆಯಲ್ಲಿ ಧರ್ಮವಿಚಾರಣೆಯ ನ್ಯಾಯಾಲಯ ಆರಂಭವಾದಾಗ ವೈಸರಾಯ್ ಆಗಿದ್ದ ಕೊನ್ಸ್ತಂತೀನು ದ ಬ್ರಗಾನ್ಸ ಆ ನೂನು ಪೆರೈರನ ವಂಶದವನೇ. ಆದರೆ ನಮ್ಮ ಹಿರಿಯನ ಪಕ್ಕದಲ್ಲಿ ಮೇಣದಬತ್ತಿ ಹಿಡಿದು ನಿಂತ ಪೆರೈರ ಯಾರೆಂಬುದು ನನಗೆ ಪಣಜಿಯಲ್ಲಿ ಸಿಗಲಿಲ್ಲ. ಮರಸೇಬಿನ ತೋಪಿನ ಊರಿನಿಂದ ಹಡಗು ಹತ್ತಿ ಬಂದ ಯಾವನೋ ಒಬ್ಬ ಒಂದು ಬೆಳಗ್ಗೆ ಇಗರ್ಜಿಯಲ್ಲಿ ಅರ್ಧ ಗಂಟೆ ನಿಂತು ಹೋಗಿರಬೇಕು. ಬಹುಶಃ ಆತ ನಮ್ಮ ಹಿರಿಯನನ್ನು ಮತ್ತೆ ನೋಡಿರಲಾರ.

ಐದನೆಯ ದಿನ ಅಧ್ಯಾಪಕರು ನನ್ನನ್ನು ಕರೆದು ಹದಿನೇಳನೆಯ ಶತಮಾನದ ಒಂದು ಹಾಳೆಯನ್ನು ಮುಂದಿಟ್ಟರು. ಮೇಲಿನ ಒಕ್ಕಣೆಯೆಲ್ಲ ಪೋರ್ಚುಗೀಸಿನಲ್ಲಿತ್ತು, ಅದರಲ್ಲಿ ಊರಿನವರ ಹೆಸರುಗಳೂ ಪೋರ್ಚುಗೀಸೇ. ಕೆಳಗೆ ಸಹಿಗಳ ಸಾಲಿನಲ್ಲಿ ಮಾತ್ರ ಬೇರೆಯೇ ಲಿಪಿ. ಒಂದು ಕ್ಷಣ ನೋಡಿದೆ. ‘ರ’ ನನಗೆ ಗೊತ್ತಿತ್ತು, ‘ನ’ ಗೊತ್ತಿತ್ತು, ಒಂದೆರಡು ಒತ್ತಕ್ಷರಗಳ ಬಳುಕು ಗೊತ್ತಿತ್ತು. ಅದು ಗೊಂಯ್‌ಕಾನಡಿ, ಕದಂಬರ ಕಾಲದ ಬರವಣಿಗೆಯಿಂದ ಬೆಳೆದು ಬಂದ, ನಮ್ಮ ಕನ್ನಡ ಲಿಪಿಯ ಒಡಹುಟ್ಟಾದ ಗೋವೆಯ ಲಿಪಿ. ಪೂರ್ತಿ ಓದಲು ನನಗೆ ಬರಲಿಲ್ಲ. ಆದರೆ ಗುಮಾಸ್ತ ಬರೆದ ಹೆಸರಿನ ಕೆಳಗೆ ತನ್ನ ಕೈಯಿಂದ ತನ್ನ ಅಕ್ಷರದಲ್ಲಿ ಸಹಿ ಹಾಕಿದ ಆ ಮನುಷ್ಯ, ನಾನು ಬಂಟ್ವಾಳದ ಶಾಲೆಯಲ್ಲಿ ತಿದ್ದಿದ ಅಕ್ಷರಗಳಿಗೆ ಅಷ್ಟು ಹತ್ತಿರದವನಾಗಿದ್ದ ಎಂಬುದನ್ನು ಕಂಡು ನನ್ನ ಕಣ್ಣು ತುಂಬಿ ಬಂತು. ಎಂಟು ದಿನಗಳಲ್ಲಿ ನಾನು ಕಂಡ ಅತ್ಯಂತ ಬೆಲೆಯುಳ್ಳ ಹಾಳೆ ಅದೇ, ಅದು ನಮ್ಮ ಮನೆತನದ್ದಲ್ಲದಿದ್ದರೂ.

ಮನೆಗೆ ಹಿಂದಿರುಗುವಷ್ಟರಲ್ಲಿ ವಿದೇಶದಲ್ಲಿರುವ ದಾಯಾದಿಯೊಬ್ಬರು ಇನ್ನೊಂದು ಸುದ್ದಿ ಕಳುಹಿಸಿದ್ದರು. ಮರಗಿಡಗಳ ಅಡ್ಡಹೆಸರುಗಳೆಲ್ಲ ಯೆಹೂದ್ಯ ಮೂಲದವು, ಹಾಗಾದರೆ ನಾವೂ ಯೆಹೂದ್ಯರಿರಬಹುದು, ದೇಶಭ್ರಷ್ಟರಾದ ಯೆಹೂದ್ಯರ ಸಂತತಿಗೆ ಪೌರತ್ವ ಕೊಡುವ ಕಾನೂನನ್ನು ಪೋರ್ಚುಗಲ್ 2013ರಲ್ಲಿ ಮಾಡಿದೆ ಎಂಬುದು ಅವರ ವಾದ. ಕಾನೂನಿನ ವಿಷಯ ನಿಜ. ಹೆಸರಿನ ವಿಷಯವನ್ನು ನಾನು ಸಮಾಧಾನದಿಂದ ಪರಿಶೀಲಿಸಿದೆ. 1496ರ ಕೊನೆಯಲ್ಲಿ ದೊರೆ ಮನುವೆಲ್ ಯೆಹೂದ್ಯರಿಗೆ ದೇಶ ಬಿಡುವಂತೆ ಆಜ್ಞೆ ಮಾಡಿ, 1497ರಲ್ಲಿ ಹೋಗಗೊಡದೆ ಬಲವಂತವಾಗಿ ದೀಕ್ಷಾಸ್ನಾನ ಮಾಡಿಸಿದನು. ಹಾಗೆ ‘ಹೊಸ ಕ್ರೈಸ್ತ’ರಾದವರು ತಮ್ಮ ಹಳೆಯ ಹೆಸರುಗಳನ್ನು ಬಿಟ್ಟು ಸುತ್ತಮುತ್ತಲಿನವರಲ್ಲಿ ಬಳಕೆಯಲ್ಲಿದ್ದ ಹೆಸರುಗಳನ್ನೂ ಧರ್ಮಪಿತೃಗಳ ಹೆಸರುಗಳನ್ನೂ ತೆಗೆದುಕೊಂಡರು. ಅವುಗಳಲ್ಲಿ ಪೆರೈರವೂ ಇತ್ತು, ರೊಡ್ರಿಗಸ್ಸೂ ಇತ್ತು. ಹಾಗಾಗಿ ಮರದ ಹೆಸರಿನಿಂದ ಯೆಹೂದ್ಯ ಮೂಲವನ್ನು ಸಾಧಿಸಲು ಬರುವುದಿಲ್ಲ. ದಂಡನಾಯಕ ನೂನು ಅದೇ ಹೆಸರನ್ನು ನೂರು ವರ್ಷ ಮೊದಲೇ ಹೊತ್ತಿದ್ದನು. ದಾಯಾದಿಗೆ ಇಷ್ಟನ್ನು ಬರೆದು ಕಳುಹಿಸುವಾಗ ನನಗೆ ಹೊಳೆದ ಸಂಗತಿಯೆಂದರೆ, ಗೋವೆಯಲ್ಲಿ ನಮ್ಮವರಿಗೆ ಆದದ್ದು ಅದಕ್ಕೂ ಅರ್ಧ ಶತಮಾನ ಮೊದಲು ಲಿಸ್ಬನ್‌ನಲ್ಲಿಯೇ ಆಗಿತ್ತು. ಗೋವೆಗೆ ಹಡಗಿನಲ್ಲಿ ಬಂದ ಪೆರೈರನಿಗೂ ಆ ಹೆಸರು ಅವನ ಅಜ್ಜನ ಕಾಲದಲ್ಲಿ ಇನ್ನೊಬ್ಬ ಪದ್ರಿನ್ಯುವಿನಿಂದ ಬಂದಿರಬಹುದು.

ಕ್ರಿಸ್‌ಮಸ್ಸಿಗೆ ಮನೆಯಲ್ಲಿ ಕುಸ್ವಾರಿನ, ಅಂದರೆ ಹಬ್ಬದ ಸಿಹಿತಿಂಡಿಗಳ, ತಯಾರಿ ನಡೆದಿತ್ತು. ಪೇರಳೆಯನ್ನು ಬೇಯಿಸಿ ಜರಡಿಯಲ್ಲಿ ಸೋಸಿ ಬೀಜ ತೆಗೆದು, ಆ ತಿರುಳಿನಷ್ಟೇ ಸಕ್ಕರೆ ಹಾಕಿ, ತಳ ಬಿಡುವವರೆಗೆ ಕೈ ನಿಲ್ಲಿಸದೆ ಮಗುಚಿ, ತುಪ್ಪ ಸವರಿದ ತಟ್ಟೆಗೆ ಸುರಿದು ತುಂಡು ಮಾಡುವ ತಿಂಡಿಗೆ ನಾವು ಪೆರಾದ್ ಎನ್ನುತ್ತೇವೆ. ಅಮ್ಮ ಆ ಹೆಸರನ್ನು ಹೇಳಿದಾಗ ನನಗೆ ನಿಘಂಟಿನ ಪುಟ ನೆನಪಾಯಿತು. ಪೋರ್ಚುಗಲ್‌ನಲ್ಲಿ ‘ಪೆರಾದ’ ಎಂದರೆ ಮರಸೇಬಿನಿಂದ, ಅಂದರೆ ಪೇರದಿಂದ, ಮಾಡುವ ಗಟ್ಟಿ ಪಾಕ. ಅಮೆರಿಕ ಖಂಡದಿಂದ ಪೋರ್ಚುಗೀಸರು ತಂದ ಪೇರಳೆ ಹಣ್ಣು ಗೋವೆಯವರಿಗೆ ‘ಪೇರ್’ ಆಯಿತು, ಮರಾಠಿಯವರಿಗೆ ‘ಪೇರೂ’ ಆಯಿತು. ಅಸಗಾಂವ್‌ನ ಪಾದ್ರಿ ಸೆಬಾಸ್ತಿಯಾಂವ್ ರೊದೊಲ್ಫು ದಲ್ಗಾದು ಅವರು ಏಷ್ಯಾದ ಭಾಷೆಗಳಲ್ಲಿ ಸೇರಿಹೋದ ಪೋರ್ಚುಗೀಸ್ ಪದಗಳ ಕುರಿತು 1913ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದನ್ನು ಗುರುತಿಸಿದ್ದಾರೆ. ಕನ್ನಡದ ಪೇರಳೆಯೂ ಅದೇ ಬೇರಿನದೆಂದು ನಾನು ನಂಬುತ್ತೇನೆ. ಮೇಜು, ಸಾಬೂನು, ಚಾವಿ, ಪಾದ್ರಿ, ಇಗರ್ಜಿ ಇವೆಲ್ಲ ಅದೇ ದಾರಿಯಲ್ಲಿ ಬಂದು ಕನ್ನಡದವಾದಂತೆ. ಹಾಗಾದರೆ ನಮ್ಮ ಹಿತ್ತಿಲಿನ ಬಾವಿಯ ಬಳಿ ತಂದೆಯವರು ನೆಟ್ಟ ಆ ಬಾಗಿದ ಮರವೇ ನಮ್ಮ ಸೀಮೆಯ ಪೆರೈರ. ಅಮ್ಮನಿಗೆ ಇದನ್ನು ಹೇಳಿದಾಗ ಅವರು ಸೌಟು ನಿಲ್ಲಿಸದೆ, “ಹಾಗಾದರೆ ಆ ಮರವನ್ನು ಕಡಿಸಬೇಡ ಮಗಾ” ಎಂದಷ್ಟೇ ಹೇಳಿದರು. ಬಾವಿಗೆ ಎಲೆ ಬೀಳುತ್ತದೆಂದು ಅದನ್ನು ಕಡಿಸುವ ಮಾತು ಎರಡು ವರ್ಷಗಳಿಂದ ನಡೆದಿತ್ತು.

ಕಳೆದ ಫೆಬ್ರವರಿಯಲ್ಲಿ ಅಕ್ಕನ ಮೊಮ್ಮಗಳ ದೀಕ್ಷಾಸ್ನಾನವಾಯಿತು. ಮಗುವಿನ ತಂದೆ ಲೋಬೊ ಮನೆತನದವರು. ಧರ್ಮಪಿತನಾಗಿ ನಿಲ್ಲಬೇಕೆಂದು ಅವರು ನನ್ನನ್ನು ಕೇಳಿದರು, ನಾನು ಸಂತೋಷದಿಂದ ಒಪ್ಪಿದೆ. ವಿಧಿ ಮುಗಿದ ಮೇಲೆ ವಿಗಾರರು ಪುಸ್ತಕ ತೆರೆದು ನನ್ನ ಮುಂದಿಟ್ಟರು. ಹೋದ ಮಳೆಗಾಲದಲ್ಲಿ ನಾನು ಪೆನ್ಸಿಲ್ ಹಿಡಿದು ಕುಳಿತಿದ್ದ ಅದೇ ಮೇಜು. ಮಗುವಿನ ಹೆಸರಿನ ಮುಂದೆ ಲೋಬೊ ಎಂದು ಆಗಲೇ ಬರೆದಾಗಿತ್ತು. ಅದರ ಪಕ್ಕದ ಅಂಕಣದಲ್ಲಿ, ಗೋವೆಯಲ್ಲಿ ನಾಲ್ಕು ಶತಮಾನಗಳ ಹಿಂದೆ ಆ ಅಪರಿಚಿತ ನಿಂತಿದ್ದ ಜಾಗದಲ್ಲಿ, ನಾನು ನನ್ನ ಹೆಸರನ್ನು ಪೂರ್ತಿಯಾಗಿ, ಕನ್ನಡದಲ್ಲಿ ಬರೆದು ಸಹಿ ಹಾಕಿದೆ.